ಕೇಳಿಯೇ ಹಿಡಿಯುವ ಕೊಲೆಗಾರ

ಚಿತ್ರದುರ್ಗ ಜಿಲ್ಲೆಯವರಿಗೆ 102.6 ಎಂಬ ಅಂಕಿಯನ್ನು ಪರಿಚಯಿಸಬೇಕಿಲ್ಲ. ಅದು ಆಕಾಶವಾಣಿ ಚಿತ್ರದುರ್ಗದ ಎಫ್‌ಎಂ ತರಂಗ. ಹಿರಿಯೂರಿನ ತೋಟದಲ್ಲಿ, ಹೊಳಲ್ಕೆರೆಯ ಅಂಗಡಿಯಲ್ಲಿ, ಹೊಸದುರ್ಗದ ಅಡುಗೆಮನೆಯಲ್ಲಿ ರೇಡಿಯೊ ಹಾಡುತ್ತದೆ, ವಾರ್ತೆ ಹೇಳುತ್ತದೆ, ಬೆಳೆಗೆ ಬಿದ್ದ ರೋಗಕ್ಕೆ ಮದ್ದು ಹೇಳುತ್ತದೆ. ಇದೇ ಪೆಟ್ಟಿಗೆ ಹಿಂದೆ ಮನೆಮಂದಿಯನ್ನೆಲ್ಲ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂರುವಂತೆ ಮಾಡುತ್ತಿತ್ತು. ಅದು ಬಾನುಲಿ ನಾಟಕದ ಕೆಲಸ. ಅದರಲ್ಲೂ ಪೊಲೀಸರು ಕೊಲೆಯ ಜಾಡು ಹಿಡಿದು ಹೊರಡುವ ನಾಟಕಕ್ಕೆ ರೇಡಿಯೊಗಿಂತ ಒಳ್ಳೆಯ ರಂಗಸ್ಥಳ ಇನ್ನೊಂದಿಲ್ಲ.

ಇದಕ್ಕೆ ಕಾರಣವಿದೆ. ಕೊಲೆ ನಡೆದಾಗ ತನಿಖೆಯ ಅಧಿಕಾರಿ ಅಲ್ಲಿರಲಿಲ್ಲ, ಕೇಳುಗನೂ ಇರಲಿಲ್ಲ. ಇಬ್ಬರಿಗೂ ಉಳಿದಿರುವುದು ಕಂಡವರ ಮಾತು, ಆ ಮಾತು ತಡವರಿಸುವ ಜಾಗ, ಎಲ್ಲೋ ಕೇಳಿಬಂದ ಒಂದು ಸದ್ದು. ಸಿನಿಮಾದಲ್ಲಿ ಕ್ಯಾಮೆರಾ ಸುಳಿವಿನ ಮೇಲೆ ಹೋಗಿ ನಿಂತು ತೋರಿಸಿಬಿಡುತ್ತದೆ. ರೇಡಿಯೊದಲ್ಲಿ ಕೇಳುಗನೇ ಆಯ್ದುಕೊಳ್ಳಬೇಕು.

ಟೆಕ್ಸಾಸಿನ ಕಡತಗಳು

ರೇಡಿಯೊಕ್ಕೆಂದೇ ಬರೆದ ನಾಟಕಗಳಲ್ಲಿ ಮೊದಲನೆಯದೆಂದು ಹೆಸರಾದದ್ದು ರಿಚರ್ಡ್ ಹ್ಯೂಸ್‌ನ ‘ಡೇಂಜರ್’. ಬಿಬಿಸಿ ಅದನ್ನು ಪ್ರಸಾರ ಮಾಡಿದ್ದು 1924ರ ಜನವರಿ 15ರಂದು. ಹ್ಯೂಸ್ ಕತೆಯನ್ನು ಕಲ್ಲಿದ್ದಲ ಗಣಿಯ ಕತ್ತಲೆಯೊಳಗೆ ಇಟ್ಟ. ಪಾತ್ರಗಳಿಗೂ ಏನೂ ಕಾಣುವುದಿಲ್ಲ, ಕೇಳುಗನಿಗೂ ಕಾಣುವುದಿಲ್ಲ. ಮಾಧ್ಯಮದ ಕೊರತೆಯೇ ಕತೆಯ ಬಲವಾಯಿತು.

ಅಮೆರಿಕದವರು ಈ ಕಲೆಯನ್ನು ತಮ್ಮ ಪಶ್ಚಿಮದ ಬಯಲುಸೀಮೆಗೆ ಒಯ್ದರು. 1950ರಿಂದ 1952ರವರೆಗೆ ಎನ್‌ಬಿಸಿಯಲ್ಲಿ ಬಂದ ‘ಟೇಲ್ಸ್ ಆಫ್ ದಿ ಟೆಕ್ಸಾಸ್ ರೇಂಜರ್ಸ್’ ಸರಣಿಯಲ್ಲಿ ನಟ ಜೋಯಲ್ ಮೆಕ್‌ಕ್ರೇ ರೇಂಜರ್ ಜೇಸ್ ಪಿಯರ್ಸನ್ ಆಗಿದ್ದ. ಟೆಕ್ಸಾಸ್ ರೇಂಜರ್ಸ್ ಎಂಬುದು 1823ರಷ್ಟು ಹಿಂದೆ ಬೇರು ಬಿಟ್ಟ ನಿಜವಾದ ಕಾನೂನು ಪಡೆ. ಅವರ ತನಿಖೆಯ ಕಡತಗಳಿಂದಲೇ ಕತೆ ಎತ್ತಿಕೊಂಡು, ಊರು, ಹೆಸರು, ದಿನಾಂಕ ಬದಲಿಸುತ್ತಿದ್ದರು. ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದ ಮ್ಯಾನುಯಲ್ ಗೊನ್ಸಾಲಸ್ ಸಲಹೆಗಾರರಾಗಿದ್ದರು. ಕಾರಿನ ಹಿಂದೆ ಗಾಡಿ ಕಟ್ಟಿ ಅದರಲ್ಲಿ ಕುದುರೆ ಸಾಗಿಸುವ ಈ ರೇಂಜರ್ ಹೆಜ್ಜೆಗುರುತು, ಗುಂಡಿನ ಗುರುತುಗಳನ್ನು ತಾಳೆ ನೋಡಿಯೇ ಮುಂದೆ ಸಾಗುತ್ತಿದ್ದ. ಕೊನೆಗೆ ಅಪರಾಧಿಗೆ ಆದ ಶಿಕ್ಷೆಯನ್ನೂ ಓದಿ ಹೇಳುತ್ತಿದ್ದರು.

1952ರ ಏಪ್ರಿಲ್ 26ರಂದು ಸಿಬಿಎಸ್‌ನಲ್ಲಿ ಶುರುವಾಗಿ 1961ರವರೆಗೆ ನಡೆದ ‘ಗನ್‌ಸ್ಮೋಕ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಾಡ್ಜ್ ಸಿಟಿ ಎಂಬ ಊರಿನ ಕಾನೂನು ಅಧಿಕಾರಿ, ಮಾರ್ಷಲ್ ಮ್ಯಾಟ್ ಡಿಲನ್‌ಗೆ ದನಿ ಕೊಟ್ಟವನು ವಿಲಿಯಂ ಕಾನ್ರಾಡ್. ಮಾತಿಲ್ಲದ ಹೊತ್ತನ್ನೂ ಅದರ ಧ್ವನಿ ಕಲಾವಿದರು ಖಾಲಿ ಬಿಡಲಿಲ್ಲ. ಹಲಗೆಯ ಮೇಲೆ ಬೂಟಿನ ನಡಿಗೆ, ದೂರದಲ್ಲಿ ನಾಯಿ, ಹಾದುಹೋಗುವ ಬಂಡಿ ಇವೆಲ್ಲ ಸೇರಿ ಊರೊಂದು ಎದ್ದು ನಿಲ್ಲುತ್ತಿತ್ತು. 1955ರಲ್ಲಿ ಸರಣಿ ಟಿವಿಗೆ ಬಂದಾಗ ದಪ್ಪ ಮೈಯ ಕಾನ್ರಾಡ್‌ಗೆ ಆ ಪಾತ್ರ ಸಿಗಲಿಲ್ಲ. ರೇಡಿಯೊ ಕೇಳಿದವರಿಗೆ ಮಾತ್ರ ಡಿಲನ್ ಎಂದರೆ ಅವನ ದನಿಯೇ. ಮೈಕಟ್ಟಿನ ಹಂಗಿಲ್ಲದೆ ನಟನೊಬ್ಬ ಕೇಳುಗರ ಮನಸ್ಸಿನಲ್ಲಿ ನೆಲೆಸುವುದು ಈ ಕಲೆಯಲ್ಲಿ ಮಾತ್ರ.

ಕನ್ನಡದ ದನಿಗಳು

ನಮ್ಮಲ್ಲಿ ಬಾನುಲಿ ಹುಟ್ಟಿದ್ದು ಮೈಸೂರಿನಲ್ಲಿ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ನಿಲಯಗಳು ಬಂದವು. 1956ರಿಂದ ಆಕಾಶವಾಣಿಯ ರಾಷ್ಟ್ರೀಯ ನಾಟಕ ಕಾರ್ಯಕ್ರಮ ನಡೆಯತೊಡಗಿತು. ಧಾರವಾಡದಲ್ಲಿ ಎನ್ಕೆ ಕುಲಕರ್ಣಿ ರೇಡಿಯೊಕ್ಕೆಂದೇ ನಾಟಕ ಬರೆದರು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿ ‘ಆಕಾಶವಾಣಿ ಈರಣ್ಣ’ ಎಂದೇ ಮನೆಮಾತಾದರು. ಯಮುನಾಮೂರ್ತಿಯವರ ದನಿಯನ್ನು ಹೆಸರು ಹೇಳುವ ಮೊದಲೇ ಕೇಳುಗರು ಗುರುತಿಸುತ್ತಿದ್ದರು.

ಕೊಲೆಯ ಕತೆಯೂ ಕನ್ನಡದ ಆಟಕ್ಕೆ ಹೊಸದಲ್ಲ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನು ಹಿಡಿದು ಕಟ್ಟಿದ ‘ಸಂಗ್ಯಾ ಬಾಳ್ಯಾ’ ಉತ್ತರ ಕರ್ನಾಟಕದ ಊರೂರು ಸುತ್ತಿತು. ನಮ್ಮ ತ.ರಾ.ಸು. ದುರ್ಗದ ಅರಮನೆಯೊಳಗಿನ ಸಂಚು, ರಕ್ತಪಾತಗಳನ್ನೇ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಕಾದಂಬರಿಯಾಗಿಸಿದರು.

ಸದ್ದು ಮಾಡುವ ಕಸುಬು

ಸ್ಟುಡಿಯೊದಲ್ಲಿ ಈ ನಾಟಕ ತಯಾರಾಗುವ ಬಗೆ ನೋಡುವಂಥದ್ದು. ಒಂದು ತಟ್ಟೆಯಲ್ಲಿ ಜಲ್ಲಿ, ಇನ್ನೊಂದರಲ್ಲಿ ಒಣಗಿದೆಲೆ. ನೆಲಕ್ಕೆ ತಕ್ಕಂತೆ ನಡಿಗೆಯ ಸದ್ದು ಬದಲಾಗಬೇಕು. ತೆಂಗಿನ ಎರಡು ಚಿಪ್ಪು ಕುದುರೆಯ ಗೊರಸಾಗುತ್ತವೆ. ಸೆಲೊಫೇನ್ ಹಾಳೆಯನ್ನು ಮೈಕಿನ ಹತ್ತಿರ ಮೆಲ್ಲಗೆ ಹಿಸುಕಿದರೆ ಬೆಂಕಿ ಚಟಪಟ ಎನ್ನುತ್ತದೆ. ಕಲಾವಿದ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದರೆ ಪಾತ್ರ ಬಾಗಿಲಾಚೆ ಹೋದಂತೆ. ಬಾಯಿ ಮೈಕಿಗೆ ತಾಗುವಷ್ಟು ಹತ್ತಿರ ಬಂದರೆ ಅದು ಗುಟ್ಟು. ಹಾಳೆ ಮಗುಚುವ ಸದ್ದೂ ಕೇಳಿಸುವಂತಿಲ್ಲ.

ಬರೆಯುವವನ ಜಾಣ್ಮೆ ಇರುವುದು ಸುಳಿವನ್ನು ಸದ್ದಿನಲ್ಲೇ ಅಡಗಿಸುವುದರಲ್ಲಿ. ನಮ್ಮ ನೆಲದ್ದೇ ಒಂದು ದೃಶ್ಯ ಕಲ್ಪಿಸಿಕೊಳ್ಳೋಣ. ಹಳೆಯ ಮೈಸೂರು ಸಂಸ್ಥಾನದ ಕಾಲ. ವೇದಾವತಿಯ ದಡದಲ್ಲಿ ಬಂಡಿಯವನೊಬ್ಬನ ಕೊಲೆಯಾಗಿದೆ, ಎತ್ತುಗಳು ಕಾಣೆಯಾಗಿವೆ. ನಾಟಕ ಶುರುವಾಗುವಾಗಲೇ ಆ ಬಂಡಿ ಹಾದುಹೋದದ್ದನ್ನು ನಾವು ಕೇಳಿದ್ದೇವೆ. ಈಗ ಹಿರಿಯೂರಿನ ಸಂತೆ. ದನದ ಗದ್ದಲದ ನಡುವೆ ದಫೇದಾರನ ಜೊತೆ ಬಂದ ಕುರಿ ಕಾಯುವ ಮುದುಕ ತಟ್ಟನೆ ನಿಲ್ಲುತ್ತಾನೆ.

“ಯಾಕಜ್ಜಾ, ನಿಂತ್ಕಂಡೆ?”

“ಆ ಗಂಟೆ ಕೇಳ್ರಿ ಸಾಮಿ.”

“ಸಂತೆ ತುಂಬಾ ಗಂಟೆನೇ ಅಲ್ವೇನಜ್ಜಾ?”

“ಅದು ಒಡಕು ಗಂಟೆ ಸಾಮಿ. ಅದ್ರ ದನಿನೇ ಬ್ಯಾರೆ. ಸತ್ತೋನ ಬಂಡೀಲಿ ಕೇಳಿದ್ದೆ.”

ಆ ಒಡಕು ದನಿ ಮೊದಲ ದೃಶ್ಯದಲ್ಲೇ ನಮ್ಮ ಕಿವಿಗೂ ಬಿದ್ದಿತ್ತು, ನಾವು ಗಮನಿಸಿರಲಿಲ್ಲ ಅಷ್ಟೆ. ಗಂಟೆಯ ದನಿಗೆ ಯಾರೂ ವಿವರಣೆ ಕೊಡಬೇಕಾಗಿಲ್ಲ. ಮುದುಕನ ಜೊತೆ ಕೇಳುಗನೂ ಸಾಕ್ಷಿಯಾಗುತ್ತಾನೆ. ಹೆಣ ತೋರಿಸದೆ, ರಕ್ತ ತೋರಿಸದೆ ಕೊಲೆಯ ಭಾರವನ್ನು ಮನಸ್ಸಿಗೆ ಮುಟ್ಟಿಸುವ ಈ ಸಂಯಮ ಕ್ರೈಂ ಸುದ್ದಿಯ ಅಬ್ಬರದ ನಡುವೆ ಇಂದು ತೀರಾ ಬೇಕಾದದ್ದು.

ಇಲ್ಲಿ ಏನು ಕಡಿಮೆ?

ಕೌಬಾಯ್ ಕತೆಗೆ ಟೆಕ್ಸಾಸ್ ಒದಗಿಸಿದ್ದೆಲ್ಲ ನಮ್ಮ ಜಿಲ್ಲೆಯಲ್ಲೂ ಇದೆ. ಕುರುಚಲು ಗುಡ್ಡ, ಅಮೃತಮಹಲ್ ಕಾವಲು, ದೇವರ ಎತ್ತುಗಳನ್ನು ಸಾಕಿ ಸಲಹುವ ಮ್ಯಾಸನಾಯಕರ ಹಟ್ಟಿಗಳು, ಜೋಗಿಮಟ್ಟಿಯ ಗಾಳಿ, 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆ ಎಲ್ಲವೂ ಕತೆಗೆ ಕಾದಿವೆ. ಮಾರ್ಷಲ್‌ನ ಬದಲಿಗೆ ಹಳೆಯ ಕಾಲದ ಅಮಲ್ದಾರ, ದಫೇದಾರ, ತಳವಾರ ಇದ್ದಾರೆ. ಮಹಜರಿಗೆ ಸಹಿ ಹಾಕಲು ಶಾನುಭೋಗರಿದ್ದಾರೆ.

ಕಲಾವಿದರಿಗೂ ಬರವಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಕಟ್ಟಿದ ಶಿವಸಂಚಾರ ತಂಡ 1997ರಿಂದ ನಾಡು ಸುತ್ತುತ್ತಿದೆ. ಅಲ್ಲಿ ರಂಗಶಾಲೆಯೂ ಇದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಯೋಗ ಕಲಿಸಿದ ರಾಘವೇಂದ್ರ ಸ್ವಾಮೀಜಿ ‘ತಿರುಕ’ ಎಂಬ ಹೆಸರಿನಲ್ಲಿ ನಾಟಕಗಳನ್ನೂ ಬರೆದರು. ಮಾತನ್ನು ತೂಗಿ ಆಡಬಲ್ಲ ನಟನಟಿಯರು ಈ ಜಿಲ್ಲೆಯಲ್ಲಿ ತಯಾರಾಗುತ್ತಲೇ ಇದ್ದಾರೆ.

ಒಂದು ಎಚ್ಚರ ಮಾತ್ರ ಬೇಕು. ನಿಜವಾದ ಪ್ರಕರಣದಿಂದ ಕತೆ ತೆಗೆದರೆ ಟೆಕ್ಸಾಸಿನವರಂತೆ ಊರು, ಹೆಸರು ಬದಲಿಸಬೇಕು. ಸತ್ತವರ ಮನೆಯವರು ಇಲ್ಲೇ ನಮ್ಮ ನಡುವೆ ಬದುಕುತ್ತಿರುತ್ತಾರೆ. ಜಾತಿಯ ಹೆಸರು ಹಿಡಿದು ಅಪರಾಧಿಯನ್ನು ಹುಡುಕುವ ಹಳೆಯ ಚಾಳಿಯನ್ನು ನಾಟಕ ಬೆಳೆಸಕೂಡದು.

ಆದ್ದರಿಂದ ಜಿಲ್ಲೆಯ ಕಾಲೇಜುಗಳ ಕನ್ನಡ ಅಧ್ಯಾಪಕರು ವಿದ್ಯಾರ್ಥಿಗಳಿಂದ ಅರ್ಧ ಗಂಟೆಯ ಬಾನುಲಿ ನಾಟಕವೊಂದನ್ನು ಬರೆಸಲಿ. ರಂಗಶಾಲೆಯ ಯುವಕ ಯುವತಿಯರು ಅದಕ್ಕೆ ದನಿಯಾಗಲಿ. ನಮ್ಮ ನಿಲಯ ಇಂಥ ಬರಹಗಳಿಗೆ ಬಾಗಿಲು ತೆರೆದು, ನಾಟಕಕ್ಕೆಂದು ವಾರದಲ್ಲಿ ಒಂದು ಹೊತ್ತನ್ನು ಖಾಯಂ ಮಾಡಲಿ. ಕೇಳುಗರಾದ ನಾವೂ ಸುಮ್ಮನೆ ಕೂರದೆ ನಿಲಯಕ್ಕೆ ಒಂದು ಕಾಗದ ಬರೆದು ನಾಟಕ ಬೇಕೆಂದು ಕೇಳೋಣ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಮಾಡುವವರು ಮುಂದೆ ಬಂದೇ ಬರುತ್ತಾರೆ.