ಕೋವಿಡ್ ಬ್ಯಾಚಿನ ಡಾಕ್ಟರುಗಳು ಏನು ಕಲಿತರು?

2019ರ ಆಗಸ್ಟ್. ದೇಶದ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. ಓದಿ ಒಪ್ಪಿಸಿದರೆ ಸಾಲದು, ಮಾಡಿ ತೋರಿಸಬೇಕು ಎಂಬುದೇ ಅದರ ಜೀವಾಳ. ಏಳೇ ತಿಂಗಳಲ್ಲಿ ಕೋವಿಡ್‌ನಿಂದ ಕಾಲೇಜುಗಳು ಮುಚ್ಚಿದವು. ಡಿಸೆಕ್ಷನ್ ಹಾಲ್‌ನಲ್ಲಿರಬೇಕಿದ್ದ ಮೊದಲ ವರ್ಷದವರು ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಅನಾಟಮಿ ಕೇಳಿದರು.

ಆ ಬ್ಯಾಚಿನವರು ಈಗ ಡಾಕ್ಟರುಗಳು. ಅವರ ಕಲಿಕೆಯಲ್ಲಿ ಕೊರತೆ ಉಳಿಯಿತೇ? ಉಳಿದಿದ್ದರೆ ಕಾರಣ ಹೊಸ ಪಠ್ಯಕ್ರಮವೋ, ಲಾಕ್‌ಡೌನೋ? ಎರಡೂ ಜೊತೆಜೊತೆಗೇ ಬಂದದ್ದರಿಂದ ಬಿಡಿಸಿ ಹೇಳುವುದು ಬಹಳ ಕಷ್ಟ.

ಅಮೆರಿಕದಲ್ಲೂ ಕೋವಿಡ್ ಜೊತೆಗೇ ಇನ್ನೊಂದು ಬದಲಾವಣೆ ಬಂತು. ಡಾಕ್ಟರಾಗಲಿರುವವರು ರೋಗಿಯ ಪಾತ್ರ ಮಾಡುವವರನ್ನು ತಪಾಸಣೆ ಮಾಡಿ ತೋರಿಸುವ ‘ಸ್ಟೆಪ್ 2 ಸಿಎಸ್’ ಪರೀಕ್ಷೆ 2020ರಲ್ಲಿ ನಿಂತಿತು, 2021ರಲ್ಲಿ ರದ್ದೇ ಆಯಿತು.

ಆನ್‌ಲೈನ್ ಕ್ಲಾಸ್ ಇಷ್ಟವಾಯಿತೇ ಎಂದು ಕೇಳುವ ಸಮೀಕ್ಷೆಗಳು ಆಗ ರಾಶಿ ರಾಶಿ ಬಂದವು. ಅದು ಸಂಶೋಧನೆಯ ಮೊದಲ ಮೆಟ್ಟಿಲು ಅಷ್ಟೇ. ಅದೇ ವಿದ್ಯಾರ್ಥಿ ಐದು ವರ್ಷದ ಮೇಲೆ, ಎದೆನೋವು ಎಂದು ಬಂದ ರೋಗಿಯನ್ನು ಹೇಗೆ ನೋಡಿದ? ತಿಳಿಯಬೇಕಾದದ್ದು ಇದು. ಅದಕ್ಕೆ ಹಲವು ಕಾಲೇಜುಗಳು ಸೇರಿ ಆ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಬೆನ್ನುಹತ್ತಬೇಕು.

ಈಗ ಕಲಿಕೆಯನ್ನು ಬದಲಿಸಬಲ್ಲ ಇನ್ನೊಂದು ಸಂಗತಿ, ಎಐ, ತರಗತಿಗೆ ಬಂದಿದೆ. ಮೆಡಿಕಲ್ ಕಾಲೇಜಿನ ಅಧ್ಯಾಪಕರೇ, ಮುಂದೆ ಹೋಲಿಸಿ ನೋಡಲು ಆಗುವಂತೆ, ಅದು ಪೂರ್ತಿ ಹರಡುವ ಮೊದಲೇ ನಿಮ್ಮ ವಿದ್ಯಾರ್ಥಿಗಳ ಇಂದಿನ ಕೌಶಲವನ್ನು ಅಳೆದು ದಾಖಲಿಸಿಡಿ.