ತೋಳಿನ ಕಡ್ಡಿ, ತಿಂಗಳ ಮುಟ್ಟು

ತೋಳಿಗೆ ಹಾಕಿಸಿದ ಕಡ್ಡಿಗೂ ತಿಂಗಳ ಮುಟ್ಟಿಗೂ ಏನು ಸಂಬಂಧ?

ಗರ್ಭನಿರೋಧಕ ಇಂಪ್ಲಾಂಟ್,
4 ಸೆಂಟಿಮೀಟರ್ ಉದ್ದದ ಮೆತ್ತನೆಯ ಕಡ್ಡಿ.
ಮೇಲ್ದೋಳಿನ ಒಳಬದಿ, ಚರ್ಮದಡಿ ಕೂರುತ್ತದೆ.
3 ವರ್ಷ ಗರ್ಭ ತಡೆಯುತ್ತದೆ.
ಕರ್ನಾಟಕದ ಸರ್ಕಾರಿ ಯೋಜನೆಯಲ್ಲಿ ಇದು ಮೊದಲು ಬಂದದ್ದು
ಬೆಂಗಳೂರು ನಗರ ಮತ್ತು ಬೀದರ್ ಜಿಲ್ಲೆಗಳಿಗೆ.

ಕಡ್ಡಿಯಿಂದ ಹಾರ್ಮೋನು
ದಿನವೂ ಚೂರುಚೂರೇ ರಕ್ತಕ್ಕೆ ಸೇರುತ್ತದೆ.
ಅಂಡ ಬಿಡುಗಡೆ ನಿಲ್ಲುತ್ತದೆ.
ಗರ್ಭಕೋಶದ ಒಳಪದರ ತೆಳ್ಳಗಾಗುತ್ತದೆ.

ಗೋಡೆಗೆ ತೀರಾ ತೆಳುವಾಗಿ ಮೆತ್ತಿದ ಗಿಲಾವು
ಒಮ್ಮೆಲೇ ಬೀಳುವುದಿಲ್ಲ.
ಇವತ್ತಿಷ್ಟು, ನಾಳೆ ಅಷ್ಟು,
ಹೊತ್ತುಗೊತ್ತಿಲ್ಲದೆ ಉದುರುತ್ತದೆ.
ಈ ಪದರವೂ ಹಾಗೇ.

ಅದಕ್ಕೇ ಕೆಲವರಿಗೆ ದಿನಗಟ್ಟಲೆ ಬರೀ ರಕ್ತದ ಕಲೆ.
ಕೆಲವರಿಗೆ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು.
ಐವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ನಿಲ್ಲುತ್ತದೆ.

ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆಂಬ ಭಯ ಅನೇಕ ಮನೆಗಳಲ್ಲಿದೆ.
ಉಳಿಯುವುದಿಲ್ಲ.
ಪದರವೇ ಬೆಳೆದಿಲ್ಲ, ಉದುರಲು ಏನೂ ಇಲ್ಲ.
ಹಲವರಿಗೆ ಮುಟ್ಟಿನ ಹೊಟ್ಟೆನೋವೂ ಇಳಿಯುತ್ತದೆ.

ಆದರೆ ಮುಟ್ಟಿನ ದಿನ ದೇವರ ಮನೆಗೆ ಹೋಗದ ಕುಟುಂಬದಲ್ಲಿ
ವಾರಗಟ್ಟಲೆ ಕಲೆ ಕಂಡರೆ ಅದು ದೊಡ್ಡ ತೊಂದರೆ.
ಕಡ್ಡಿ ಹಾಕುವ ಮೊದಲೇ ಇದನ್ನು ಬಿಡಿಸಿ ಹೇಳಲೇಬೇಕು.

ಮೊದಲ ಮೂರು ತಿಂಗಳ ರೀತಿ ನೋಡಿದರೆ
ಮುಂದಿನದರ ಅಂದಾಜು ಸಿಗುತ್ತದೆ.
ಕಿರಿಕಿರಿಯ ರಕ್ತಸ್ರಾವಕ್ಕೆ ವೈದ್ಯರ ಬಳಿ ಔಷಧವಿದೆ.
ಬೇಡವೆನಿಸಿದರೆ ಕಡ್ಡಿ ತೆಗೆಸಬಹುದು.
ತೆಗೆದ ಮೇಲೆ ಗರ್ಭ ಧರಿಸುವ ಶಕ್ತಿ ಬೇಗ ಮರಳುತ್ತದೆ.

ರಕ್ತ ವಿಪರೀತ ಹೋಗಿ ತಲೆಸುತ್ತು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.
ಹುಬ್ಬಳ್ಳಿ-ಧಾರವಾಡದ ಕಡೆಯವರಾದರೆ,
ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಜಿಲ್ಲಾ ಆಸ್ಪತ್ರೆ,
ಎರಡರಲ್ಲೂ ಸ್ತ್ರೀರೋಗ ವಿಭಾಗವಿದೆ.

ಕ್ಷಯಕ್ಕೆ ರಿಫಾಂಪಿಸಿನ್ ಮಾತ್ರೆ ನಡೆಯುತ್ತಿದ್ದರೆ
ಅದನ್ನೂ ವೈದ್ಯರಿಗೆ ತಿಳಿಸಬೇಕು.
ಆ ಮಾತ್ರೆ ಕಡ್ಡಿಯ ಬಲ ಕುಗ್ಗಿಸುತ್ತದೆ.