ಬೀಡಿ ಬಿಟ್ಟ ಮೇಲೆ ಬರುವ ಕೆಮ್ಮು

"ಬೀಡಿ ಬಿಟ್ಟದ್ದೇ ತಡ, ಕೆಮ್ಮು ಶುರುವಾಯ್ತು ಮಾರಾಯ್ರೆ. ಎಳೆಯುತ್ತಿದ್ದಾಗ ಇಷ್ಟು ಇರಲಿಲ್ಲ." ಪುತ್ತೂರು, ಸುಳ್ಯ, ಕಡಬದ ಗೂಡಂಗಡಿಗಳ ಬೆಂಚಿನ ಮೇಲೆ ಈ ಮಾತು ಆಗಾಗ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ತಪ್ಪು. ನನ್ನ ದೇಹಕ್ಕೆ ಬೀಡಿ ಒಗ್ಗಿಹೋಗಿದೆ, ಬಿಟ್ಟರೇ ತೊಂದರೆ ಎಂದುಕೊಂಡು ಎಷ್ಟೋ ಮಂದಿ ಕೆಲವೇ ವಾರಗಳಲ್ಲಿ ಮತ್ತೆ ಬೆಂಕಿಪೆಟ್ಟಿಗೆಗೆ ಕೈಹಾಕುತ್ತಾರೆ. ಆ ಕೆಮ್ಮು ಎಲ್ಲಿಂದ ಬರುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ಅವರಲ್ಲಿ ಕೆಲವರಾದರೂ ತಡೆದುಕೊಳ್ಳುತ್ತಿದ್ದರೇನೋ.

ಬೀಡಿ ಈ ಊರುಗಳಿಗೆ ಹೊರಗಿನದಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಜಗಲಿಯಲ್ಲಿ ತಡ್ಪೆಯನ್ನು (ಮೊರವನ್ನು) ತೊಡೆಯ ಮೇಲಿಟ್ಟು ಕೂತ ಹೆಂಗಸರು ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದನ್ನು ನೋಡದವರಿಲ್ಲ. ಎಷ್ಟೋ ಮನೆಗಳ ಮಕ್ಕಳ ಫೀಸು ಹುಟ್ಟಿದ್ದೇ ಆ ತಡ್ಪೆಯಲ್ಲಿ. ಕಟ್ಟುವ ಹೆಂಗಸರು ಸೇದುವುದು ಅಪರೂಪ, ಆದರೂ ಸೊಪ್ಪಿನ ಧೂಳು ಅವರ ಮೂಗಿಗೆ ದಿನವೂ ಹೋಗುತ್ತದೆ.

ಬೀಡಿ ಸಣ್ಣದು, ಸಿಗರೇಟಿಗಿಂತ ವಾಸಿ ಎಂಬ ನಂಬಿಕೆಯೊಂದಿದೆ. ಬೀಡಿಯೊಳಗಿನ ಸೊಪ್ಪು ಸಿಗರೇಟಿನದರ ಅರ್ಧಕ್ಕಿಂತಲೂ ಕಡಿಮೆ, ನಿಜ. ಆದರೆ ಸಿಗರೇಟಿನ ಕಾಗದದೊಳಗೆ ಗಾಳಿ ನುಸುಳಿದಂತೆ ಬೀಡಿ ಎಲೆಯೊಳಗೆ ನುಸುಳುವುದಿಲ್ಲ. ಹಾಗಾಗಿ ಬೀಡಿ ತಾನಾಗಿ ಉರಿಯದು. ನಾಲ್ಕು ಮಾತಾಡುವಷ್ಟರಲ್ಲಿ ಆರಿಹೋಗುತ್ತದೆ. ಆರದಂತೆ ಇಡಬೇಕಾದರೆ ಮತ್ತೆ ಮತ್ತೆ, ಬಲವಾಗಿ ಎಳೆಯಬೇಕು. ಸಿಗರೇಟಿಗೆ ಸುಮಾರು 9 ದಮ್ಮು ಸಾಕಾದರೆ ಬೀಡಿಗೆ ಸುಮಾರು 28 ಬೇಕಾಗುತ್ತದೆ ಎಂಬ ಲೆಕ್ಕವಿದೆ. ಟಾರು, ಕಾರ್ಬನ್ ಮೊನಾಕ್ಸೈಡ್ ಎರಡೂ ಸಿಗರೇಟಿಗಿಂತ ಹೆಚ್ಚಾಗಿಯೇ ಎದೆಗಿಳಿಯುತ್ತವೆ.

ಎದೆಯೊಳಗೆ ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆದು ಕೊನೆಗೆ ಹತ್ತಾರು ಕೋಟಿ ಪುಟ್ಟ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ನಾಳಗಳ ಒಳಗೋಡೆಯ ಬಹಳಷ್ಟು ಜೀವಕೋಶಗಳ ಮೇಲೆ ತಲಾ ಇನ್ನೂರರಷ್ಟು ಸೂಕ್ಷ್ಮ ರೋಮಗಳು. ಸೆಕೆಂಡಿಗೆ ಹತ್ತು ಹದಿನೈದು ಸಲ, ಎಲ್ಲವೂ ಒಂದೇ ದಿಕ್ಕಿಗೆ ಬಡಿಯುತ್ತಾ, ಧೂಳು, ರೋಗಾಣು ಅಂಟಿಕೊಂಡ ತೆಳು ಲೋಳೆಯನ್ನು ಮೇಲಕ್ಕೆ, ಗಂಟಲಿನತ್ತ ತಳ್ಳುತ್ತಲೇ ಇರುತ್ತವೆ. ನಾವು ಅದನ್ನು ಗೊತ್ತಿಲ್ಲದೆ ನುಂಗುತ್ತೇವೆ.

ಈ ರೋಮಗಳಿಗೆ ಹೊಗೆ ಏನು ಮಾಡುತ್ತದೆ ಎಂಬುದು ಸುಳ್ಯ, ಕಡಬದ ರಬ್ಬರ್ ಕೃಷಿಕರಿಗೆ ಬೇಗ ಅರ್ಥವಾದೀತು. ಹಾಲು ಹೆಪ್ಪುಗಟ್ಟಿಸಿ ಒತ್ತಿದ ಬಿಳಿ ಶೀಟನ್ನು ಹೊಗೆಮನೆಯಲ್ಲಿ ತೂಗುಹಾಕುವುದು ಬರೀ ಒಣಗಲೆಂದಲ್ಲ. ಹೊಗೆಯಲ್ಲಿರುವ ಫೀನಾಲ್‌ಗಳು ಶೀಟಿನ ಮೇಲೆ ಕೂತು ಬೂಸ್ಟು ಬರದಂತೆ ತಡೆಯುತ್ತವೆ. ಜೀವ ಇರುವ ಯಾವುದೂ ಅಲ್ಲಿ ಸುಲಭಕ್ಕೆ ಬೆಳೆಯದು. ಬೀಡಿಯ ಹೊಗೆಯಲ್ಲೂ ಫೀನಾಲ್ ಇದೆ, ಜೊತೆಗೆ ಅಕ್ರೋಲಿನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್. ಇಲ್ಲಿ ಹೊಗೆ ಹಿಡಿಯುವುದು ಜೀವಂತ ಶೀಟಿಗೆ. ರೋಮಗಳ ಬಡಿತ ನಿಧಾನವಾಗುತ್ತದೆ, ದಿನವೂ ಸೇದುವವರಲ್ಲಿ ಅವು ಮೋಟಾಗುತ್ತವೆ, ಕೆಲವೆಡೆ ಉದುರಿಯೇ ಹೋಗುತ್ತವೆ. ಲೋಳೆ ಮಾತ್ರ ಮೊದಲಿಗಿಂತ ಹೆಚ್ಚು ಉತ್ಪತ್ತಿಯಾಗಿ ಕೆಳಗೇ ನಿಲ್ಲುತ್ತದೆ.

ಬಿಟ್ಟಾಗ ಏನಾಗುತ್ತದೆ? ಒಂದು ದಿನದೊಳಗೆ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಬಹುತೇಕ ಖಾಲಿ. ರೋಮಗಳಿಗೆ ಅಷ್ಟು ಅವಸರವಿಲ್ಲ. ಕೆಲವು ವಾರಗಳಲ್ಲಿ ಅವು ಮತ್ತೆ ಬೆಳೆದು ಬಡಿಯತೊಡಗುತ್ತವೆ, ವರ್ಷಗಟ್ಟಲೆ ನಿಂತಿದ್ದ ಕಫ ಮೇಲೇರತೊಡಗುತ್ತದೆ. ಗೂಡಂಗಡಿಯ ಬೆಂಚಿನ ಮೇಲೆ ದೂರು ಹೇಳಿಸಿಕೊಳ್ಳುವ ಕೆಮ್ಮು ಇದೇ. ಎಲ್ಲರಿಗೂ ಬರುವುದಿಲ್ಲ. ಬಂದವರಲ್ಲಿ ಸಾಮಾನ್ಯವಾಗಿ ಕೆಲವು ವಾರ ಕಾಡಿ, ತಿಂಗಳುಗಳಲ್ಲಿ ತಗ್ಗುತ್ತದೆ. ಬಿಸಿನೀರು ಕುಡಿಯುತ್ತಾ ಕಫವನ್ನು ಹೊರಹಾಕುವುದೇ ಒಳ್ಳೆಯದು.

ಎಲ್ಲವೂ ಹೀಗೆ ಮರಳುವುದಿಲ್ಲ. ಹೊಗೆಯ ಕಿರಿಕಿರಿಗೆ ಓಡಿಬರುವ ಬಿಳಿರಕ್ತಕಣಗಳು ಸುರಿಸುವ ಕಿಣ್ವವೊಂದು ಗಾಳಿಗೂಡುಗಳ ಗೋಡೆಯಲ್ಲಿರುವ ಎಲಾಸ್ಟಿನ್ ನಾರನ್ನೇ ತಿನ್ನುತ್ತದೆ. ಆ ಕಿಣ್ವಕ್ಕೆ ಲಗಾಮು ಹಾಕುವ ಪ್ರೋಟೀನನ್ನು ಹೊಗೆ ಕೆಡಿಸಿಬಿಟ್ಟಿರುತ್ತದೆ. ನೂರು ಸಣ್ಣ ಗೂಡುಗಳಿದ್ದಲ್ಲಿ ಒಂದಷ್ಟು ದೊಡ್ಡ, ಜೋಲು ಚೀಲಗಳು ಉಳಿಯುತ್ತವೆ. ಇದಕ್ಕೆ ಎಂಫಿಸೀಮಾ ಎನ್ನುತ್ತಾರೆ. ಒಡೆದ ಗೂಡು ಮತ್ತೆ ಕಟ್ಟಿಕೊಳ್ಳುವುದಿಲ್ಲ. ತೋಟದಿಂದ ಗುಡ್ಡೆ ಹತ್ತಿ ಮನೆ ಸೇರುವವರಿಗೆ ನಡುದಾರಿಯಲ್ಲಿ ನಿಲ್ಲಬೇಕೆನಿಸುವ ದಿನ ಬರುತ್ತದೆ. ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ.

ಹಾಗಾದರೆ ಈಗ ಬಿಟ್ಟು ಏನು ಲಾಭ? ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಊದಿ ಹೊರಹಾಕುತ್ತೀರಿ ಎಂದು ಸ್ಪೈರೋಮೀಟರ್ ಅಳೆಯುತ್ತದೆ. ವಯಸ್ಸಾದಂತೆ ಇದು ಎಲ್ಲರಲ್ಲೂ ಇಳಿಯುತ್ತದೆ. ಶ್ವಾಸನಾಳ ಆಗಲೇ ಸ್ವಲ್ಪ ಕೆಟ್ಟಿದ್ದ ಧೂಮಪಾನಿಗಳನ್ನು ಅಮೆರಿಕ, ಕೆನಡಾಗಳಲ್ಲಿ 11 ವರ್ಷ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇದುತ್ತಲೇ ಇದ್ದ ಗಂಡಸರು ವರ್ಷಕ್ಕೆ 66 ಮಿ.ಲೀ. ಕಳೆದುಕೊಂಡರು, ಬಿಟ್ಟವರು 30 ಮಿ.ಲೀ. ಹೋದದ್ದು ಹೋಯಿತು, ಆದರೆ ಜಾರುವ ವೇಗ ಅರ್ಧಕ್ಕಿಳಿಯಿತು. ರಿಚರ್ಡ್ ಡಾಲ್ ತಂಡ ಬ್ರಿಟನ್ನಿನ ವೈದ್ಯರನ್ನು 1951ರಿಂದ ಐವತ್ತು ವರ್ಷ ಗಮನಿಸಿ ಹೇಳಿದ್ದು: ಸೇದುವವರ ಆಯುಸ್ಸು ಸುಮಾರು 10 ವರ್ಷ ಕಡಿಮೆ. 60ರಲ್ಲಿ ಬಿಟ್ಟರೂ ಅದರಲ್ಲಿ 3 ವರ್ಷ, 50ರಲ್ಲಿ ಬಿಟ್ಟರೆ 6, 40ರಲ್ಲಾದರೆ 9 ವರ್ಷ ವಾಪಸ್.

ನನಗೆ ಹೆಚ್ಚು ಬೆರಗು ತಂದದ್ದು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಬ್ರಿಟಿಷ್ ಸಂಶೋಧನೆ. ಸೇದುವವರ ಶ್ವಾಸನಾಳದ ಬಹುತೇಕ ಜೀವಕೋಶಗಳ ಡಿಎನ್‌ಎ ಹೊಗೆಯಿಂದ ಗಾಯಗೊಂಡಿತ್ತು. ಬಿಟ್ಟವರಲ್ಲಿ ಕೆಲವರ ಶೇ. 40ರಷ್ಟು ಕೋಶಗಳು ಎಂದೂ ಸೇದದವರ ಕೋಶಗಳಂತೆಯೇ ಇದ್ದವು. ಕೆಟ್ಟ ಕೋಶ ರಿಪೇರಿಯಾದದ್ದಲ್ಲ. ಎಲ್ಲೋ ಪೆಟ್ಟು ತಪ್ಪಿಸಿಕೊಂಡಿದ್ದ ಕೋಶಗಳು ಹೊಗೆ ನಿಂತ ಮೇಲೆ ಹಬ್ಬಿ ಜಾಗ ಹಿಡಿದಿದ್ದವು. ಬಿಟ್ಟು ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವವರದರ ಅರ್ಧದಷ್ಟಾಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಅಡಿಕೆಯ ನಾಡಿನಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬೀಡಿ ಬಿಟ್ಟು ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡರೆ ಶ್ವಾಸಕೋಶ ಉಳಿದೀತು, ಬಾಯಿ ಉಳಿಯದು. ನಿಕೋಟಿನ್ ಹಂಬಲ ಮೊದಲ ಮೂರು ದಿನ ತೀರಾ ಕಾಡುತ್ತದೆ, ಒಂದೊಂದು ಸಲ ಎದ್ದದ್ದು ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ತಡೆಯದಿದ್ದರೆ ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ.

ಬಿಟ್ಟ ಮೇಲಿನ ಕೆಮ್ಮೆಲ್ಲ ರೋಮಗಳದ್ದೇ ಎಂದುಕೊಳ್ಳುವುದೂ ಅಪಾಯ. ಸೇದುವವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಒಂದು ದಿನವೂ ಕಾಯಬಾರದು. ಇವೇನೂ ಇಲ್ಲದಿದ್ದರೂ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.